ಜಿಗಿಹುಳು ಕಚ್ಚಿದ ಚಹಾ

ದೋಸ್ತ,

ನೀನು ಕಳಿಸಿದ ಡಾರ್ಜಿಲಿಂಗ್ ಚಹಾ ಮುಟ್ಟಿ ಹದಿನೈದು ದಿನ ಆಯ್ತು. ಮೊದಲ ವಾರವೇ ಬರೆದಿದ್ದರೆ ಬೈದು ಬರೆಯುತ್ತಿದ್ದೆ, ಅದಕ್ಕೇ ಸುಮ್ನಿದ್ದೆ.

ನಾನು ಮಾಡಿದ್ದೇನು ಗೊತ್ತಾ? ದಿನಾ ಮಾಡುವ ಹಾಗೆ ಹಾಲು, ನೀರು, ಸಕ್ಕರೆ, ಜಜ್ಜಿದ ಶುಂಠಿ ಎಲ್ಲ ಹಾಕಿ, ಮೇಲೆ ಎರಡು ಚಮಚ ಎಲೆ ಸುರಿದು ಗಳಗಳ ಕುದಿಸಿದೆ. ಬಣ್ಣವೂ ಇಲ್ಲ, ಖಡಕ್ಕೂ ಇಲ್ಲ. ನಮ್ಮ ರಾಯಚೂರಿನ ಹೋಟೆಲ್‌ಗಳಲ್ಲಿ ಹಾಕುವುದು ಸಿಟಿಸಿ ಪುಡಿ. ಎಲೆಯನ್ನು ಮಷೀನಿನಲ್ಲಿ ಜಜ್ಜಿ, ಹರಿದು, ಸುರುಳಿ ಸುತ್ತಿಸಿದ ಕಾಳು ಅದು, ಎಷ್ಟು ಹಾಲಿದ್ದರೂ ಬಣ್ಣ ಬಿಡುತ್ತದೆ. ನಿನ್ನದು ಇಡೀ ಎಲೆ. ಹಾಲಿಗೆ ಹಾಕಿ ಕೊಂದುಬಿಟ್ಟೆ.

ಎರಡನೇ ಸಲ ಬರೀ ನೀರು, ಆದರೆ ಬೋರ್ ನೀರು. ಕಪ್ಪಗಾಗಿ ಮೇಲೆ ತೆಳು ಪೊರೆ ಕಟ್ಟಿತು. ಮಾಲೇ ಕೆಟ್ಟಿದೆ ಅಂದುಕೊಂಡೆ, ಕೆಟ್ಟಿದ್ದು ನಮ್ಮ ಗಡಸು ನೀರು! ಆಮೇಲೆ ಕ್ಯಾನ್ ನೀರು ಕುದಿಸಿ, ಒಲೆ ಆರಿಸಿ, ಸ್ವಲ್ಪ ತಡೆದು, ಒಂದು ಲೋಟಕ್ಕೆ ಒಂದು ಚಮಚ ಎಲೆ ಹಾಕಿ 3 ನಿಮಿಷ ಮುಚ್ಚಿಟ್ಟೆ. ಮುಚ್ಚಳ ತೆಗೆದಾಗ ಒಣದ್ರಾಕ್ಷಿ ಡಬ್ಬಿ ತೆಗೆದಂಥ ವಾಸನೆ. ಬಾಯಲ್ಲಿ ಮೊದಲು ಸಣ್ಣ ಒಗರು, ನುಂಗಿದ ಮೇಲೆ ಸಿಹಿ. ಸಕ್ಕರೆ ಒಂದು ಕಾಳೂ ಹಾಕಿರಲಿಲ್ಲ ಕಣೋ.

ಆ ದ್ರಾಕ್ಷಿ ವಾಸನೆ ಎಲ್ಲಿಂದ ಬಂತು ಅಂತ ಹುಡುಕಿದರೆ ಸಿಕ್ಕಿದ್ದು ಯಾರು ಗೊತ್ತಾ? ಜಿಗಿಹುಳು! ಮೇ-ಜೂನ್‌ನಲ್ಲಿ ಕೀಳುವ ಎರಡನೇ ಬೆಳೆಯ ಹೊತ್ತಿಗೆ ಈ ಹಸಿರು ಹುಳು ಚಿಗುರಿನ ರಸ ಹೀರುತ್ತದಂತೆ, ಗಿಡ ತನ್ನನ್ನು ಕಾಪಾಡಿಕೊಳ್ಳಲು ಏನೇನೋ ಸುವಾಸನೆಯ ಅಂಶ ತಯಾರಿಸುತ್ತದೆ, ಅದನ್ನೇ ಅಲ್ಲಿಯವರು ಮಸ್ಕಟೆಲ್ ಅಂತ ಹೆಸರಿಟ್ಟು ಜಾಸ್ತಿ ರೇಟಿಗೆ ಮಾರುತ್ತಾರೆ. ನಮ್ಮ ಹತ್ತಿಗೆ ಬೀಳುವ ಹುಳು ಅದೇ ಅಲ್ಲ, ಅದರ ದಾಯಾದಿ. ಇಲ್ಲಿ ಅಪ್ಪ ಅದಕ್ಕೆ ಔಷಧಿ ಹೊಡೆದೂ ಹೊಡೆದೂ ಸುಸ್ತಾಗಿದ್ದಾರೆ.

ಊರಿಂದ ಬಂದಿದ್ದ ಅಪ್ಪನಿಗೂ ಒಂದು ಲೋಟ ಕೊಟ್ಟು ಈ ಕಥೆ ಹೇಳಿದೆ. ಲೋಟ ಕೆಳಗಿಟ್ಟು ನನ್ನ ಮುಖ ನೋಡಿ, "ಹಂಗಾದ್ರ ಈ ಸಲ ನಮ್ಮ ಹತ್ತಿ ಎಲಿನೂ ಕುದಿಸೋಣೇನು?" ಅಂದರು. ಆಮೇಲೆ ಅಮ್ಮನ ಹತ್ತಿರ ಹೋಗಿ ಹಾಲಿನ ಚಹಾ ಮಾಡಿಸಿಕೊಂಡರು. ಲೋಟ ಮಾತ್ರ ಖಾಲಿಯಾಗಿತ್ತು, ಗಮನಿಸಿದೆ.

ಈಗ ದಿನಾ ಸಂಜೆ ಮಿರ್ಚಿ-ಮಂಡಕ್ಕಿ ಮುಗಿದ ಮೇಲೆ ಒಂದು ಲೋಟ. (ಜೊತೆಗೆ ಬೇಡ. ಖಾರದ ನಾಲಿಗೆಗೆ ಇದು ಬಿಸಿನೀರೇ.) ಅದೇ ಎಲೆಗೆ ಇನ್ನೊಮ್ಮೆ ನೀರು ಹಾಕುತ್ತೇನೆ, ಎರಡನೆಯದು ತೆಳು, ಆದರೂ ಬಿಡಲು ಮನಸ್ಸಾಗುವುದಿಲ್ಲ. ಮಾರ್ಚ್‌ನಲ್ಲಿ ಕೀಳುವ ಮೊದಲ ಚಿಗುರಿನದು ಸಿಕ್ಕರೆ 50 ಗ್ರಾಂ ಕಳಿಸು, ದುಡ್ಡು ಹಾಕುತ್ತೇನೆ.

ಅಮ್ಮ ನಿನಗೆ ಕೆಂಪು ಖಾರ ಕುಟ್ಟಿಸಿಟ್ಟಿದ್ದಾಳೆ, ಈ ವಾರ ಹಾಕುತ್ತೇನೆ. ಚಹಾ ಡಬ್ಬಿ ಪಕ್ಕ ಮಾತ್ರ ಇಡಬೇಡ ಮಾರಾಯ, ಈ ಎಲೆ ಪಕ್ಕದವರ ವಾಸನೆಯೆಲ್ಲ ಎಳೆದುಕೊಳ್ಳುತ್ತದೆ.

ನಿನ್ನ ದೋಸ್ತ