ಹಾಕಾ ಇರೋದು ರಗ್ಬಿ ಮೈದಾನದಲ್ಲಿ ಮಾತ್ರ ಅಲ್ಲ

ಸಂಪಾದಕರಿಗೆ ನಮಸ್ಕಾರ,

ನ್ಯೂಜಿಲೆಂಡ್ ರಗ್ಬಿ ಟೀಮಿನ ಮ್ಯಾಚ್ ಇದ್ದಾಗೆಲ್ಲ ನಮ್ಮ ಪೇಪರ್‌ಗಳಲ್ಲಿ ಹಾಕಾ ಫೋಟೊ ಬರುತ್ತೆ, ನಾಲಿಗೆ ಚಾಚಿ ಕಣ್ಣರಳಿಸಿ ನಿಂತ ಆಟಗಾರರು, ಕೆಳಗೆ ‘ಯುದ್ಧ ನೃತ್ಯ’ ಅಂತ ಒಂದು ಸಾಲು, ಅಲ್ಲಿಗೆ ಮುಗೀತು. ನನ್ನ ಮಗಳು ಆಕ್ಲೆಂಡ್‌ನಲ್ಲಿ ಸ್ಕೂಲಿಗೆ ಹೋಗ್ತಾಳೆ, ಇಲ್ಲಿನ ಶಾಲೆಗಳಲ್ಲಿ ಈ ನಾಡಿನ ಮೂಲನಿವಾಸಿಗಳಾದ ಮಾವೋರಿ ಜನರ ಕಲೆ ಏನು ಮಾಡ್ತಿದೆ ಅನ್ನೋದನ್ನೂ ನಿಮ್ಮ ಓದುಗರು ತಿಳ್ಕೋಬೇಕು ಅಂತ ಈ ಪತ್ರ.

ಮಕ್ಕಳು ಕಲಿಯೋದು ಕಪಾ ಹಾಕಾ, ಅಂದ್ರೆ ಗುಂಪಾಗಿ ಮಾಡೋ ಮಾವೋರಿ ಹಾಡು ಕುಣಿತ. ಅದರಲ್ಲಿ ಹಾಕಾ ಒಂದು ಭಾಗ ಅಷ್ಟೇ, ಕೈ ಸನ್ನೆಯಲ್ಲೇ ಅರ್ಥ ಹೇಳೋ ವೈಯಾಟಾ-ಆ-ರಿಂಗಾ ಅನ್ನೋ ಹಾಡು ಇದೆ, ದಾರಕ್ಕೆ ಕಟ್ಟಿದ ಚೆಂಡನ್ನ ತಾಳಕ್ಕೆ ಸರಿಯಾಗಿ ತಿರುಗಿಸೋ ಪೋಯಿ ಇದೆ, ತಲೆಮಾರುಗಳಿಂದ ಬಂದ ಮೋಟೆಯಾಟೆಯಾ ಅನ್ನೋ ಹಾಡುಗಳಿವೆ. ಹಾಡಿನಲ್ಲಿ ಬರೋ ಬೆಟ್ಟ ಯಾವುದು, ನದಿ ಯಾವುದು, ಯಾವ ಬುಡಕಟ್ಟಿನವರು ಯಾಕೆ ಕಟ್ಟಿದ್ರು, ಇದೆಲ್ಲ ಗೊತ್ತಿಲ್ದೆ ಬಾಯಿಪಾಠ ಮಾಡಿ ಹಾಡಿದ್ರೆ ಅದು ಕಪಾ ಹಾಕಾ ಆಗಲ್ಲ. ಅಂದ್ರೆ ಭಾಷೆ, ಇತಿಹಾಸ, ಭೂಗೋಳ ಎಲ್ಲ ಒಂದೇ ತರಗತಿಯಲ್ಲಿ, ಅದೂ ಮೈಯೆಲ್ಲ ಬೆವರಿಳಿಸ್ಕೊಂಡು!

ಇದು ಸುಮ್ನೆ ಬಂದಿದ್ದಲ್ಲ. 1867ರ ಕಾಯ್ದೆಯಿಂದ ಮಾವೋರಿ ಊರುಗಳಲ್ಲಿ ಸರ್ಕಾರಿ ಶಾಲೆ ಬಂದವು, ಪಾಠ ಇಂಗ್ಲಿಷ್‌ನಲ್ಲಿ, ಆಮೇಲಾಮೇಲೆ ತಮ್ಮ ಮಾತು ಆಡಿದ ಮಕ್ಕಳಿಗೆ ಏಟು ಬೀಳೋ ಮಟ್ಟಕ್ಕೂ ಹೋಯ್ತು. ಶಾಲೆಯಲ್ಲಿ ಮಾವೋರಿ ಕಲಿಸಿ ಅಂತ 30,000ಕ್ಕೂ ಹೆಚ್ಚು ಸಹಿ ಹಾಕಿದ ಮನವಿ ಪಾರ್ಲಿಮೆಂಟ್ ಮುಟ್ಟಿದ್ದು 1972ರಲ್ಲಿ, ಪುಟ್ಟ ಮಕ್ಕಳಿಗೆ ಕೊಹಾಂಗಾ ರಿಯೊ ಅನ್ನೋ ಮಾವೋರಿ ಭಾಷೆಯ ಶಿಶುವಿಹಾರ ಶುರುವಾಗಿದ್ದು 1982ರಲ್ಲಿ, ಮಾವೋರಿ ಅಧಿಕೃತ ಭಾಷೆ ಆಗಿದ್ದು 1987ರಲ್ಲಿ. ಆಕ್ಲೆಂಡ್‌ನ ಹೈಸ್ಕೂಲ್ ಮಕ್ಕಳ ಹಾಡು ಕುಣಿತದ ಹಬ್ಬ ಪಾಲಿಫೆಸ್ಟ್ 1976ರಲ್ಲಿ ಓಟಾರಾ ಬಡಾವಣೆಯ ಒಂದು ಹೈಸ್ಕೂಲಿನಲ್ಲಿ ಹುಟ್ಟಿದ್ದು, ಈಗ ಅಲ್ಲಿ ಮಾವೋರಿ ವೇದಿಕೆ ಜೊತೆ ಸಮೋವಾ, ಟೋಂಗಾದವರಿಗೂ ಬೇರೆ ಬೇರೆ ವೇದಿಕೆ ಇದೆ.

ಹೈಸ್ಕೂಲಿನ ಎನ್‌ಸಿಇಎ ಪರೀಕ್ಷೆಯಲ್ಲಿ ಈ ಕಲೆಗೇ ಟೆ ಆವೊ ಹಾಕಾ ಅಂತ ಸಬ್ಜೆಕ್ಟೇ ಇದೆ, ಯೂನಿವರ್ಸಿಟಿ ಪ್ರವೇಶಕ್ಕೂ ಲೆಕ್ಕಕ್ಕೆ ಬರುತ್ತೆ. ಆದ್ರೂ ಎಷ್ಟೋ ಕಡೆ ಪ್ರಾಕ್ಟೀಸ್ ಊಟದ ಬಿಡುವಿನಲ್ಲಿ ಇಲ್ಲಾ ಸ್ಕೂಲ್ ಬಿಟ್ಟ ಮೇಲೆ. ದೊಡ್ಡವರು ಯಾರಾದ್ರೂ ಬಂದ್ರೆ ಸ್ವಾಗತಕ್ಕೆ ಇದೇ ಮಕ್ಕಳು ಬೇಕು, ಟೈಮ್‌ಟೇಬಲ್‌ನಲ್ಲಿ ಮಾತ್ರ ಜಾಗ ಇಲ್ಲ ಅಂದ್ರೆ ಯಾವ ನ್ಯಾಯ? ಕಲಿಸೋ ಭಾರ ಹೆಚ್ಚಾಗಿ ಶಾಲೆಯಲ್ಲಿರೋ ಒಬ್ಬಿಬ್ಬರು ಮಾವೋರಿ ಟೀಚರ್‌ಗಳ ಮೇಲೆ, ತಮ್ಮ ಗಣಿತವೋ ವಿಜ್ಞಾನವೋ ಪಾಠ ಮುಗಿಸಿ ಇದನ್ನೂ ಮಾಡ್ಬೇಕು, ಆ ದುಡಿಮೆಗೆ ಸಂಬಳನೂ ಸಮಯನೂ ಸರಿಯಾಗಿ ಸಿಗ್ಬೇಕು.

ನ್ಯೂಜಿಲೆಂಡ್‌ನಲ್ಲಿ ನಿಮ್ಮ ಪೇಪರ್ ಓದೋ ಅಪ್ಪ ಅಮ್ಮಂದಿರು ತುಂಬ ಜನ ಇದ್ದೀರಿ, ಮಗು ಕಪಾ ಹಾಕಾಗೆ ಸೇರ್ತೀನಿ ಅಂದಾಗ ಮ್ಯಾಥ್ಸ್ ಟ್ಯೂಷನ್ ಇದೆ ಬೇಡ ಅನ್ಬೇಡಿ, ಸೇರಿಸಿ, ಪ್ರದರ್ಶನದ ದಿನ ನೀವೂ ಹೋಗಿ ಕೂತ್ಕೊಳ್ಳಿ.

ಇತಿ,
ಓದುಗಿ, ಆಕ್ಲೆಂಡ್