35 ನಿಮಿಷದಲ್ಲಿ ನನ್ನ ಮಗನಿಗೆ ಬರೆದುಕೊಟ್ಟ ಆಟಿಸಂ ರಿಪೋರ್ಟ್ ಬಗ್ಗೆ ದೂರು

ಸೆಂಟರ್‌ನ ಮ್ಯಾನೇಜರ್ ಅವರಿಗೆ, ನಮಸ್ಕಾರ.

ಹೋದ ತಿಂಗಳು ನಾಲ್ಕೂವರೆ ವರ್ಷದ ಮಗನನ್ನು ಕರ್ಕೊಂಡು ಅರಸೀಕೆರೆಯಿಂದ ಬೆಳಗಿನ ರೈಲಿಗೆ ಬೆಂಗಳೂರಿನ ನಿಮ್ಮ ಸೆಂಟರ್‌ಗೆ ಬಂದಿದ್ದೆವು. ಮಾತು ತಡ, ಕರೆದರೆ ತಿರುಗುವುದಿಲ್ಲ, ಅದಕ್ಕೆ. 35 ನಿಮಿಷ ನೋಡಿದಿರಿ. ಮಧ್ಯಮ ಮಟ್ಟದ ಆಟಿಸಂ, ಅಂಕ 112 ಅಂದಿರಿ. ರಿಪೋರ್ಟ್ ಜೊತೆಗೇ ಆರು ತಿಂಗಳ ಥೆರಪಿ ಪ್ಯಾಕೇಜ್ ಕಾಗದವನ್ನೂ ಮುಂದಿಟ್ಟಿರಿ. ನನಗೆ ಕೈ ನಡುಗುತ್ತಿತ್ತು, ಸೈನ್ ಮಾಡಿ ಅಡ್ವಾನ್ಸ್ ಕಟ್ಟಿಬಿಟ್ಟೆ.

ಆಟಿಸಂ ಅಂದಿದ್ದಕ್ಕೆ ನನಗೆ ಸಿಟ್ಟಿಲ್ಲ. ಇದ್ದರೆ ಇರಲಿ, ಅವನು ನಮ್ಮ ಮಗ, ಏನು ಬೇಕೋ ಮಾಡುತ್ತೇವೆ. ಅವನನ್ನು ಸರಿಯಾಗಿ ನೋಡದೇ ಬರೆದಿರಿ, ನನ್ನ ದೂರು ಅದು.

ಬಳಸಿದ್ದು ಐಎಸ್‌ಎಎ, ಅಂದರೆ ಆಟಿಸಂ ಅಳೆಯುವ ಭಾರತೀಯ ಮಾಪಕ, ಅಂತ ರಿಪೋರ್ಟಲ್ಲೇ ಇದೆ. ನಮ್ಮ ದೇಶದ ಮಕ್ಕಳಿಗೆ ಅಂತಲೇ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಮಾಡಿದ ಪರೀಕ್ಷೆ ಅದು. ಒಟ್ಟು 40 ಅಂಶ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಮಗುವನ್ನು ಗಮನಿಸಬೇಕು, ಮನೆಯವರನ್ನು ಕೇಳಬೇಕು. ನನ್ನನ್ನು ಕೇಳಿದ್ದು ಹತ್ತೋ ಹನ್ನೊಂದೋ ಪ್ರಶ್ನೆ. ಅವನನ್ನು ಅವನ ಪಾಡಿಗೆ ಆಡೋಕೆ ಬಿಡಲೇ ಇಲ್ಲ. ಉಳಿದ ಅಂಕ ಎಲ್ಲಿಂದ ಬಂತು? ಇನ್ನು ಆರು ಅಂಕ ಕಮ್ಮಿಯಾಗಿದ್ದರೆ ನೀವೇ ಅಲ್ಪ ಮಟ್ಟ ಅಂತ ಬರೆಯಬೇಕಿತ್ತು, ಅಲ್ವಾ?

ಅಳಿಲಿನ ಚಿತ್ರ ತೋರಿಸಿದ್ದು ನೆನಪಿದೆಯಾ? ನಿಮ್ಮವರು ಇಂಗ್ಲಿಷಲ್ಲಿ ಕೇಳಿದರು. ಇವನು ಸ್ವಲ್ಪ ಹೊತ್ತು ಕಾರ್ಡನ್ನೇ ನೋಡಿ, ಬೆರಳಿಟ್ಟು, "ಅಯಿಲು" ಅಂದ. ನಮ್ಮ ಹಿತ್ತಿಲ ಸೀಬೆ ಮರದಲ್ಲಿ ದಿನಾ ನೋಡುತ್ತಾನೆ. ನನಗೆ ಎಷ್ಟು ಖುಷಿಯಾಯಿತು ಅಂದರೆ ಕಣ್ಣಲ್ಲಿ ನೀರೇ ಬಂತು. ಅವರು ತಲೆ ಎತ್ತದೆ ಶೀಟ್ ಮೇಲೆ ತಪ್ಪು ಗುರುತು ಹಾಕಿ ಮುಂದಿನ ಕಾರ್ಡ್ ತೆಗೆದರು. ಕನ್ನಡ ಬರುವವರು ಯಾರಾದರೂ ಇದ್ದಾರಾ ಅಂದಿದ್ದಕ್ಕೆ "ಪರವಾಗಿಲ್ಲ ಮೇಡಂ, ಮಕ್ಕಳಿಗೆ ಅರ್ಥ ಆಗುತ್ತೆ" ಅಂದರು.

ಕಿವಿ ಪರೀಕ್ಷೆ ಆಗಿದೆಯಾ ಅಂತ ಒಂದು ಮಾತೂ ಕೇಳಲಿಲ್ಲ. ಮಾತು ತಡವಾದ ಮಗುವಿಗೆ ಮೊದಲು ನೋಡಬೇಕಾದ್ದೇ ಅದು. ಆಮೇಲೆ ಊರಲ್ಲಿ ಇಎನ್‌ಟಿ ಡಾಕ್ಟರ್ ನೋಡಿದರೆ ಎರಡೂ ಕಿವಿತಮಟೆಯ ಹಿಂದೆ ನೀರು ತುಂಬಿದೆ. ನನ್ನ ಮಗು ಇಷ್ಟು ದಿನ ನಮ್ಮ ಮಾತನ್ನು ನೀರೊಳಗಿಂದ ಕೇಳಿದ ಹಾಗೆ ಕೇಳುತ್ತಿತ್ತು. ಆಟಿಸಂ ಕೂಡ ಇರಬಹುದು, ಕಿವಿ ಸರಿಯಾದ ಮೇಲೆ ಮತ್ತೆ ಪೂರ್ತಿ ನೋಡಿಸಿ ಅಂತ ಅವರೇ ಹೇಳಿದ್ದಾರೆ. ಅಷ್ಟು ಹೇಳೋಕೆ ನಿಮಗೆ ಏನು ಅಡ್ಡಿಯಾಗಿತ್ತು?

ಇನ್ನು ರಿಪೋರ್ಟು. ಎರಡನೇ ಪುಟದಲ್ಲಿ ಎರಡು ಕಡೆ 'ಶೀ' ಅಂತಿದೆ. ಯಾವುದೋ ಹೆಣ್ಣುಮಗುವಿನ ರಿಪೋರ್ಟ್ ತಿದ್ದಿ ಕೊಟ್ಟಿದ್ದೀರಿ. ಆ ಮಗುವನ್ನಾದರೂ ಸರಿಯಾಗಿ ನೋಡಿದ್ದೀರಾ ಅಂತ ಅವತ್ತಿನಿಂದ ನನಗೆ ಚಿಂತೆ. ಕೊನೆಯಲ್ಲಿ ಸೈನ್ ಇದೆ, ಕ್ಲಿನಿಕಲ್ ಸೈಕಾಲಜಿಸ್ಟ್ ಅಂತಲೂ ಇದೆ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಮಾತ್ರ ಇಲ್ಲ.

ನನಗೆ ಆ 40 ಅಂಶದ ಅಂಕದ ಹಾಳೆ ಬೇಕು, ಪರೀಕ್ಷೆ ಮಾಡಿದವರ ನೋಂದಣಿ ಸಂಖ್ಯೆ ಬೇಕು. ರಿಪೋರ್ಟ್ ವಾಪಸ್ ತೆಗೆದುಕೊಂಡಿದ್ದೇವೆ ಅಂತ ಬರೆದು ಕೊಡಿ, ಯಾಕೆಂದರೆ ಅದನ್ನು ಆಗಲೇ ಸ್ಕೂಲಿಗೆ ತೋರಿಸಿದ್ದೇನೆ. ಅಡ್ವಾನ್ಸ್ ಪೂರ್ತಿ 15 ದಿನದಲ್ಲಿ ವಾಪಸ್ ಮಾಡಿ, ಒಂದು ಸೆಷನ್ ಕೂಡ ನಡೆದಿಲ್ಲ. ಇಲ್ಲದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟು ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ.

ಬರುವ ಸೋಮವಾರ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೊರಟಿದ್ದೇವೆ. ಅಂಕದ ಹಾಳೆಯನ್ನಾದರೂ ಅದಕ್ಕಿಂತ ಮುಂಚೆ ಮೇಲ್ ಮಾಡಿ, ಅಲ್ಲಿನ ಡಾಕ್ಟರಿಗೆ ತೋರಿಸಬೇಕು.

ಇಂತಿ,
ಮಗುವಿನ ತಾಯಿ, ಅರಸೀಕೆರೆ