ಅಕ್ಕ ಅಂತ ಕರೆದವರಿಗೆ, ಕರೆಸಿದವರಿಗೆ

ಶಂಕರಘಟ್ಟದಲ್ಲಿ ಸಮಾಜಕಾರ್ಯ ಓದುತ್ತಿದ್ದ ನನ್ನ ಎಂಎಸ್‌ಡಬ್ಲ್ಯೂ ಮುಗಿಯಿತು. ಬೆಂಗಳೂರಿನಲ್ಲಿ ಮಕ್ಕಳ ಜೊತೆ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿ ಉದ್ಯೋಗವೂ ಸಿಕ್ಕಿತು. ಜೂನ್‌ನಲ್ಲಿ ಹೊರಡುತ್ತೇನೆ. ಬೇಸಿಗೆ ರಜೆ ಅನ್ನುವುದು ಆ ಕೆಲಸದಲ್ಲಿ ಇಲ್ಲ. ಹಾಗಾಗಿ ತೀರ್ಥಹಳ್ಳಿ ಕಡೆಯ ನಮ್ಮ ಚರ್ಚಿನ ಮಕ್ಕಳ ಬೇಸಿಗೆ ಶಿಬಿರದಲ್ಲಿ ಆನಿಮೇಟರ್ ಆಗಿ, ಅಂದರೆ ಮಕ್ಕಳನ್ನು ಆಡಿಸಿ ನೋಡಿಕೊಳ್ಳುವ ಅಕ್ಕನಾಗಿ, ನನ್ನ ಪಾಳಿ 2025ರ ಈ ಮೇ ತಿಂಗಳಿಗೆ ಮುಗಿಯಿತು.

ಕೊನೆಯ ದಿನ ನನಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ‘ಇಷ್ಟು ವರ್ಷ ಸೇವೆ ಮಾಡಿದ್ದಕ್ಕೆ’ ಅಂತ ಮೈಕಿನಲ್ಲಿ ಥ್ಯಾಂಕ್ಸ್ ಹೇಳಿದಿರಿ. ಖುಷಿ ಆಯ್ತು, ಸುಳ್ಳು ಯಾಕೆ ಹೇಳಲಿ. ಆದರೆ ಲೆಕ್ಕ ಸ್ವಲ್ಪ ಉಲ್ಟಾ ಆಗಿದೆ. ಕೆಲಸದ ಇಂಟರ್‌ವ್ಯೂನಲ್ಲಿ ಒಬ್ಬ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: ಮನೆ ಬಿಟ್ಟು ಬಂದ ಮಗು ರಾತ್ರಿ ಅಳೋಕೆ ಶುರು ಮಾಡಿದರೆ ಏನು ಮಾಡ್ತೀರಿ? ನಾನು ಹೇಳಿದೆ. ಅವರು ಬರೆದುಕೊಂಡರು. ‘ಇದು ಯಾವ ಪುಸ್ತಕದಲ್ಲಿದೆ?’ ಅಂದರು. ಯಾವ ಪುಸ್ತಕದಲ್ಲೂ ಇಲ್ಲ ಮೇಡಂ, ನಮ್ಮ ಶಿಬಿರದ ಸಿಸ್ಟರ್ ಹೇಳಿಕೊಟ್ಟಿದ್ದು ಅಂದೆ. ಕೆಲಸ ಕೊಡಿಸಿದ್ದು ಶಿಬಿರ. ಹಾಗಿದ್ದ ಮೇಲೆ ಥ್ಯಾಂಕ್ಸ್ ಹೇಳಬೇಕಾದವಳು ನಾನು. ಮೈಕಿನಲ್ಲಿ ಹೇಳೋಕೆ ಹೋದರೆ ಗಂಟಲು ಕಟ್ಟುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಶಿವಮೊಗ್ಗ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಕಥೊಲಿಕ ಚರ್ಚುಗಳ ವ್ಯಾಪ್ತಿ, ಆಗಿದ್ದು 1988ರಲ್ಲಿ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆ ಇದರೊಳಗೆ ಬರುತ್ತವೆ. ಶಿಬಿರಕ್ಕೆ ಬರುವ ಮಕ್ಕಳೂ ಹಾಗೇ, ಎಲ್ಲೆಲ್ಲಿಂದಲೋ ಬರುತ್ತಾರೆ. ಹೊಸನಗರ, ಸಾಗರದ ಕಡೆಯ ಕೊಂಕಣಿ ಮಾತಾಡುವ ಮನೆಯವರು. ಭದ್ರಾವತಿಯ ಕಾರ್ಖಾನೆ ಕೆಲಸಕ್ಕೆ ಅಂತ ಅಜ್ಜನ ಕಾಲದಲ್ಲಿ ಬಂದ ತಮಿಳು ಮನೆಯವರು. ಒಂದಿಷ್ಟು ಮಲಯಾಳಿಗಳು. ಚಿತ್ರದುರ್ಗದ ಕಡೆಯ ಅಚ್ಚ ಕನ್ನಡದವರು. ಅವರಿಗೆ ನಮ್ಮ ಕಾಡು ಕಂಡರೆ ಬೆರಗು, ನಮ್ಮ ಊಟ ಕಂಡರೆ ‘ರೊಟ್ಟಿ ಇಷ್ಟು ಮೆತ್ತಗಾ?’ ಅಂತ ತಕರಾರು. ಜಪಸರ ಹಿಡಿದು ಕೂತರೆ ಬಾಯಲ್ಲಿ ಬರುವುದು ಮನೆಯ ಭಾಷೆಯ ಪ್ರಾರ್ಥನೆಯೇ. ಮೊದಲ ಸಂಜೆ ಮಾತೆ ಮರಿಯಳ ‘ನಮೋ ಮರಿಯಾ’ ಪ್ರಾರ್ಥನೆ ನಾಲ್ಕು ದಿಕ್ಕಿಗೆ ಎಳೆದಾಡುತ್ತದೆ. ಎರಡು ದಿನ ಕಳೆದರೆ ಎಲ್ಲರೂ ಕನ್ನಡದಲ್ಲಿ ಒಂದೇ ಓಟಕ್ಕೆ ಬರುತ್ತಾರೆ. ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಸಿಸ್ಟರ್ ವಿಷಯ. ಹೆಸರು ಹಾಕಿದರೆ ಬೈಯುತ್ತಾರೆ, ಬಿಡಿ.

ಮೊದಲ ರಾತ್ರಿ ಶಿಬಿರದಲ್ಲಿ ಅಳು ಶುರುವಾಗುವುದು ದೀಪ ಆರಿಸಿದ ಮೇಲೆ. ಹಗಲಿಡೀ ಕುಣಿದ ಮಕ್ಕಳೇ ಅಳುತ್ತಾರೆ. ಒಬ್ಬರು ಶುರು ಮಾಡಿದರೆ ಪಕ್ಕದ ಚಾಪೆಗೆ ಹಬ್ಬುತ್ತದೆ, ಅಲ್ಲಿಂದ ಇಡೀ ಹಾಲಿಗೆ. ನಾನು ಹೊಸಬಳಾಗಿದ್ದಾಗ ಸಿಸ್ಟರ್ ನನ್ನನ್ನು ಬಾಗಿಲ ಹತ್ತಿರ ಕೂರಿಸಿಕೊಂಡು ಹೇಳಿದ್ದರು: ‘ಅಳಬೇಡ ಅನ್ನಬೇಡ. ನಾಳೆ ಅಮ್ಮ ಬರ್ತಾರೆ ಅಂತ ಸುಳ್ಳು ಹೇಳಬೇಡ. ಮನೇಲಿ ಯಾರ ಪಕ್ಕ ಮಲಗ್ತೀಯ ಅಂತ ಕೇಳು.’ ಅಷ್ಟೇ. ಮಗು ಹೇಳುತ್ತದೆ. ಅಜ್ಜಿ ಪಕ್ಕ, ತಮ್ಮನ ಪಕ್ಕ, ಬೆಕ್ಕಿನ ಪಕ್ಕ. ಬೆಕ್ಕಿನ ಹೆಸರು ಏನು, ಬಣ್ಣ ಏನು, ಹಾಲು ಎಷ್ಟು ಕುಡಿಯುತ್ತೆ ಅಂತ ಮಾತು ಬೆಳೆಯುತ್ತದೆ. ಮನೆಯ ನೆನಪು ಬಂದು ಅಳುತ್ತಿರುವ ಮಗುವಿಗೆ ಮನೆಯ ಮಾತೇ ಔಷಧಿ. ನಾವೆಲ್ಲ ಮಾಡುವುದು ಅದರ ಉಲ್ಟಾ. ಮನೆಯ ಸುದ್ದಿ ಎತ್ತದೆ ಚಾಕೊಲೇಟ್ ಕೊಡುತ್ತೇವೆ.

ಎರಡನೆಯದು, ಬೆಳಿಗ್ಗೆ ಆ ಮಗುವಿಗೆ ಒಂದು ಕೆಲಸ ಕೊಡಬೇಕು. ಸಣ್ಣದಾದರೂ ನಿಜವಾದ ಕೆಲಸ. ಒಬ್ಬ ಹುಡುಗ ಎರಡು ಹೊತ್ತು ಊಟ ಮುಟ್ಟಿರಲಿಲ್ಲ. ಸಿಸ್ಟರ್ ಅವನ ಕೈಗೆ ಗಂಟೆಯ ಹಗ್ಗ ಕೊಟ್ಟು, ಇನ್ನು ಮೇಲೆ ಎಲ್ಲರನ್ನೂ ಊಟಕ್ಕೆ ಕರೆಯುವುದು ನೀನೇ ಅಂದರು. ಮಧ್ಯಾಹ್ನ ಗಂಟೆ ಹೊಡೆದವನು ಎಲ್ಲರೂ ಸಾಲಿನಲ್ಲಿ ನಿಂತರೋ ಇಲ್ಲವೋ ಅಂತ ನೋಡಿದ. ಯಾರೋ ತಡವಾಗಿ ಬಂದರೆ ಬೈದ. ಆಮೇಲೆ ತಟ್ಟೆ ಹಿಡಿದು ಬಂದ. ಅನ್ನ ಎರಡು ಸಲ ಹಾಕಿಸಿಕೊಂಡ.

ಸಿಸ್ಟರ್‌ಗೆ ಇನ್ನೊಂದು ಕಾರಣಕ್ಕೂ ನಾನು ಋಣಿ. ಅವರ ಕಟ್ಟುನಿಟ್ಟಿಗೆ. ಯಾವ ಆನಿಮೇಟರೂ ಒಂದು ಮಗುವಿನ ಜೊತೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರುವ ಹಾಗಿಲ್ಲ. ಫಾದರ್‌ಗೂ ಅದೇ ನಿಯಮ, ಸಿಸ್ಟರ್‌ಗೂ ಅದೇ. ಮಕ್ಕಳ ಫೋಟೋ ತಂದೆ ತಾಯಿಯ ಒಪ್ಪಿಗೆ ಇಲ್ಲದೆ ಸ್ಟೇಟಸ್‌ಗೆ ಹಾಕುವ ಹಾಗಿಲ್ಲ. 1098 ಅನ್ನುವ ಮಕ್ಕಳ ಸಹಾಯವಾಣಿ ನಂಬರನ್ನು ಮಕ್ಕಳ ಕೈಲೇ ದಪ್ಪ ಅಕ್ಷರದಲ್ಲಿ ಬರೆಸಿ ಹಾಲಿನ ಗೋಡೆಗೆ ಅಂಟಿಸುತ್ತಾರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆ ಏನು ಹೇಳುತ್ತೆ ಅಂತ ಶಿಬಿರಕ್ಕೆ ಮುಂಚೆ ನಮಗೆಲ್ಲ ಪಾಠ. ‘ನಮ್ಮ ಮೇಲೆ ಅನುಮಾನಾನಾ ಸಿಸ್ಟರ್?’ ಅಂತ ಹೊಸ ಹುಡುಗರು ಮುಖ ಸಣ್ಣ ಮಾಡುತ್ತಾರೆ. ‘ಹೌದು, ನನ್ನ ಮೇಲೂ’ ಅನ್ನುತ್ತಾರೆ ಅವರು. ಚರ್ಚಿನ ಶಿಬಿರಕ್ಕೆ ಇದು ಬಲಿಪೂಜೆ ಅನ್ನುವ ನಮ್ಮ ಆರಾಧನೆಯಷ್ಟೇ ಮುಖ್ಯ ಅಂತ ನನ್ನ ಅಭಿಪ್ರಾಯ. ಯಾರಿಗಾದರೂ ಜಾಸ್ತಿ ಅನಿಸಿದರೆ ಅನಿಸಲಿ.

ನಮ್ಮೂರ ಆಶಾ ಕಾರ್ಯಕರ್ತೆ ಅಕ್ಕನಿಗೆ ದೊಡ್ಡ ಥ್ಯಾಂಕ್ಸ್. ಮಲೆನಾಡಿನಲ್ಲಿ ಬೇಸಿಗೆ ಶಿಬಿರ ಅಂದರೆ ಹೊರಗಿನವರು ಹಸಿರು, ಹೊಳೆ, ತಂಪು ಅಂತ ಕನಸು ಕಾಣುತ್ತಾರೆ. ನಮ್ಮ ತಲೆಯಲ್ಲಿ ಓಡುವುದು ಉಣುಗು, ಕಚ್ಚಿ ರಕ್ತ ಹೀರುವ ಸಣ್ಣ ಹುಳ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಇವತ್ತಿಗೂ ಹೋಗಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಅಂದರೆ ನಮ್ಮ ಶಿಬಿರವೂ ಅದರ ಬಾಲಕ್ಕೆ ಸಿಗುತ್ತದೆ. ಅಕ್ಕ ಪ್ರತಿ ವರ್ಷ ಮೊದಲ ದಿನವೇ ಬಂದು ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ಕೊಟ್ಟು, ಹಚ್ಚುವುದು ಹೇಗೆ ಅಂತ ತನ್ನ ಕೈಮೇಲೇ ತೋರಿಸುತ್ತಾಳೆ. ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ತರಗೆಲೆಯ ಮೇಲೆ ಕೂರಬಾರದು. ಕಾಡಿನ ಕಡೆ ಹೋಗಿ ಬಂದರೆ ಬಿಸಿನೀರು, ಸೋಪು. ಕಿವಿಯ ಹಿಂದೆ, ಮೊಣಕಾಲಿನ ಹಿಂದೆ, ಸೊಂಟದ ಲಾಡಿಯ ಜಾಗ ನೋಡಿಕೊಳ್ಳಬೇಕು. ಎಲ್ಲಾದರೂ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಬಂದು ಹೇಳಬೇಕು. ಪುಟ್ಟ ಮಕ್ಕಳು ಇದನ್ನು ಆ್ಯಕ್ಷನ್ ಸಾಂಗ್ ಮಾಡಿಬಿಟ್ಟಿದ್ದಾರೆ. ‘ಕಿವಿ ಹಿಂದೆ, ಕಾಲು ಹಿಂದೆ’ ಅಂತ ಕುಣಿಯುತ್ತಾ ಒಬ್ಬರನ್ನೊಬ್ಬರು ತಪಾಸಣೆ ಮಾಡುತ್ತಾರೆ. ಆ ಅಕ್ಕನಿಗೆ ನಮ್ಮ ಶಿಬಿರದಿಂದ ಒಂದು ಕಪ್ ಕಾಫಿ ಬಿಟ್ಟರೆ ಏನೂ ಸಿಕ್ಕಿಲ್ಲ. ಅವಳು ನಮ್ಮ ಚರ್ಚಿನವಳೂ ಅಲ್ಲ.

ಅಡುಗೆ ಆಂಟಿಗೆ ಏನು ಹೇಳಲಿ? ನಸುಕಿನಲ್ಲೇ ಎದ್ದು ಸ್ನಾನದ ಹಂಡೆಗೆ ಬೆಂಕಿ ಹಾಕಿ, ಕಡುಬಿನ ಹಿಟ್ಟು ಕಟ್ಟುವವರು ಅವರು. ಮಕ್ಕಳಲ್ಲಿ ಯಾರಿಗೆ ಖಾರ ಆಗೊಲ್ಲ, ಯಾರು ಮೀನು ತಿನ್ನಲ್ಲ ಅಂತ ಎರಡನೇ ದಿನಕ್ಕೇ ಬಾಯಿಪಾಠ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಮಾತ್ರ ಬೀಗದೊಳಗೆ. ಅದರಲ್ಲಿ ಆನಿಮೇಟರ್‌ಗಳನ್ನೂ ನಂಬುವುದಿಲ್ಲ. ಸರಿಯಾಗೇ ಇದೆ.

ಈ ವರ್ಷದ ಮೇ 8ರ ರಾತ್ರಿ ಮಾತ್ರ ನಮ್ಮ ಯಾರ ಮಾತೂ ನಡೆಯಲಿಲ್ಲ. ಈಸ್ಟರ್ ಮರುದಿನ, ಏಪ್ರಿಲ್ 21ಕ್ಕೆ ಪೋಪ್ ಫ್ರಾನ್ಸಿಸ್ ತೀರಿಕೊಂಡಿದ್ದರು. ರೋಮಿನಲ್ಲಿ 133 ಕಾರ್ಡಿನಲ್‌ಗಳು ಬಾಗಿಲು ಹಾಕಿಕೊಂಡು ಮತ ಹಾಕುತ್ತಿದ್ದಾರೆ, ಆಯ್ಕೆ ಆಗದಿದ್ದರೆ ಕಪ್ಪು ಹೊಗೆ, ಆದರೆ ಬಿಳಿ ಹೊಗೆ ಅಂತ ಫಾದರ್ ಹೇಳಿದ್ದೇ ತಡ, ಮಕ್ಕಳ ಕಣ್ಣು ನಮ್ಮ ಹಂಡೆ ಒಲೆಯ ಮೇಲೆ ಬಿತ್ತು. ಹಿಂದಿನ ದಿನ ಸುರಿದ ಮಳೆಗೆ ಸೌದೆ ಒದ್ದೆ. ಬೆಳ್ಳಗಿನ ಹೊಗೆ ಎದ್ದಿತ್ತು. ‘ಪೋಪ್ ಸಿಕ್ಕಿದ್ರು!’ ಅಂತ ಒಬ್ಬ ಕೂಗಿದ. ‘ನನ್ನ ಒಲೇಲಿ ದಿನಾ ಒಬ್ರು ಸಿಗ್ತಾರೆ, ಹೋಗಿ ಸೌದೆ ತಗೊಂಡ್ ಬನ್ನಿ’ ಅಂದರು ಆಂಟಿ.

ರಾತ್ರಿ ಜಪಸರ ಮುಗಿದಿತ್ತು. ಕರೆಂಟ್ ಇರಲಿಲ್ಲ. ನೆಟ್‌ವರ್ಕ್ ಸಿಗುವುದು ಚರ್ಚಿನ ಮೆಟ್ಟಿಲ ಮೇಲೆ ಮಾತ್ರ. ಫಾದರ್ ಫೋನನ್ನು ಮೇಲಿನ ಮೆಟ್ಟಿಲಲ್ಲಿ ಒಂದು ಸ್ಟೀಲ್ ಚೊಂಬಿಗೆ ಒರಗಿಸಿಟ್ಟರು. ಅಷ್ಟೂ ಮಕ್ಕಳು ಅದರ ಸುತ್ತ. ಫೋನಿನಲ್ಲಿ ಕಾಣುತ್ತಿದ್ದ ರೋಮಿನ ಚಿಮಣಿಯ ಪಕ್ಕ ಕಡಲಹಕ್ಕಿ ಬಂದು ಕೂತಿತ್ತು, ಜೊತೆಗೊಂದು ಮರಿ. ಹೊಗೆಯ ಚಿಂತೆ ಬಿಟ್ಟು ಎಲ್ಲರೂ ಮರಿ ಬೀಳುತ್ತೋ ಇಲ್ಲವೋ ಅಂತ ನೋಡತೊಡಗಿದರು. ಒಂಬತ್ತೂವರೆ ದಾಟಿತ್ತು. ಮಲಗೋಣ ನಡೀರಿ ಅಂತ ನಾನು ಬಾಯಿ ತೆರೆಯುವುದಕ್ಕೂ ಬಿಳಿ ಹೊಗೆ ಬರುವುದಕ್ಕೂ ಸರಿಹೋಯ್ತು. ಆ ಗದ್ದಲಕ್ಕೆ ಪಕ್ಕದ ತೋಟದ ಮನೆಯವರು ಟಾರ್ಚ್ ಹಿಡಿದು ಓಡಿ ಬಂದರು, ಹಾವು ಬಂತೇನೋ ಅಂದುಕೊಂಡು. ಹೆಸರು ಹೇಳಲು ಇನ್ನೂ ಒಂದು ಗಂಟೆ ಹಿಡಿಯಿತು. ಸಿಸ್ಟರ್ ಕಡೆ ನೋಡಿದೆ. ‘ಇವತ್ತೊಂದಿನ’ ಅಂದರು. ತೋಟದ ಮನೆಯವರೂ ಮೆಟ್ಟಿಲ ಮೇಲೇ ಕೂತರು. ಹದಿನಾಲ್ಕನೇ ಲಿಯೋ ಅಂತ ಹೇಳುವ ಹೊತ್ತಿಗೆ ಅರ್ಧ ಮಕ್ಕಳು ಒಬ್ಬರ ತೊಡೆ ಮೇಲೆ ಒಬ್ಬರು ನಿದ್ದೆ. ಎಚ್ಚರ ಇದ್ದ ಒಬ್ಬಳು ಕೇಳಿದಳು, ‘ಅವರಿಗೆ ಕನ್ನಡ ಬರುತ್ತಾ ಅಕ್ಕಾ?’ ಆಂಟಿ ಅಂದರು, ‘ಬರದಿದ್ರೆ ಶಿಬಿರಕ್ಕೆ ಕಳಿಸ್ಲಿ, ಕಲಿಸೋಣ.’

ಫಾದರ್, ನಿಮಗೆ ಥ್ಯಾಂಕ್ಸ್ ಹೇಳುವುದು ನಿಮ್ಮ ಚಿಕ್ಕ ಪ್ರಬೋಧನೆಗೆ. ಮಕ್ಕಳಿಗೆ ಐದು ನಿಮಿಷಕ್ಕಿಂತ ಜಾಸ್ತಿ ಮಾತಾಡಿದರೆ ಅದು ನಮ್ಮ ಸಂತೋಷಕ್ಕೆ ಅಂತ ನೀವೇ ಹೇಳುತ್ತಿದ್ದಿರಿ. ಮರುದಿನ ಬೆಳಿಗ್ಗೆಯೂ ಹಾಗೇ. ಹಿಂದಿನ ಲಿಯೋ, ಅಂದರೆ ಹದಿಮೂರನೆಯವರು, 1891ರಲ್ಲಿ ಕೂಲಿಯವರಿಗೆ ನ್ಯಾಯವಾದ ಸಂಬಳ ಸಿಗಬೇಕು ಅಂತ ಪತ್ರ ಬರೆದಿದ್ದರು ಅಂದಿರಿ. ಎದುರಿಗೆ ಕೂತ ಮಕ್ಕಳಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ಅಡಿಕೆ ತೋಟ, ಕಾಫಿ ತೋಟಕ್ಕೆ ಕೂಲಿಗೆ ಹೋಗುವವರು. ಒಬ್ಬ ಹುಡುಗ ಕೈ ಎತ್ತಿ, ಆ ಪತ್ರ ನಮ್ಮ ಸಾಹುಕಾರ್ರಿಗೂ ಬಂದಿತ್ತಾ ಅಂತ ಕೇಳಿದ. ನೀವು ನಗಲಿಲ್ಲ. ‘ಬಂದಿದೆ, ಓದಿಲ್ಲ ಅನ್ಸುತ್ತೆ’ ಅಂದಿರಿ. ಚರ್ಚಿನ ಪುಣ್ಯವರ್ಷವಾದ 2025ರ ಜ್ಯೂಬಿಲಿಗೆ ‘ಭರವಸೆಯ ಯಾತ್ರಿಕರು’ ಅಂತ ನಾವು ಬಣ್ಣದ ಕಾಗದದಲ್ಲಿ ಬರೆದು ತೂಗು ಹಾಕಿದ್ದೆಲ್ಲ ಮಳೆಗೆ ತೊಯ್ದು ಹೋಯ್ತು. ಆ ಒಂದು ಉತ್ತರ ಮಾತ್ರ ಮಕ್ಕಳು ಮನೆಗೆ ಒಯ್ದಿರುತ್ತಾರೆ.

ಮಕ್ಕಳು ನಿಮ್ಮ ಹತ್ತಿರ ತಮ್ಮ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಯ ಸಾಲು ಕಾಯಲು ನನ್ನನ್ನು ಹಾಕುತ್ತಿದ್ದಿರಲ್ಲ, ಅದಕ್ಕೂ ಥ್ಯಾಂಕ್ಸ್. ಎಂಟು ವರ್ಷದ ಒಬ್ಬ ಮುಂದಿನವನನ್ನು ಕೇಳುತ್ತಿದ್ದ, ‘ನಿನ್ನ ಹತ್ರ ಎಷ್ಟಿದೆ? ನಂಗೆ ಎರಡೇ ನೆನಪಾಗ್ತಿದೆ, ಒಂದು ಕೊಡು.’

ತೋಟದ ಮನೆಯವರಿಗೆ: ಹಲಸಿನ ಹಣ್ಣಿಗೆ, ಮಜ್ಜಿಗೆಗೆ, ರಾತ್ರಿ ಜ್ವರ ಬಂದ ಮಗುವನ್ನು ತೀರ್ಥಹಳ್ಳಿಗೆ ಕರೆದೊಯ್ದ ಜೀಪಿಗೆ. ಡೀಸೆಲ್ ದುಡ್ಡು ಕೊಡಲು ಹೋದರೆ ಬೈದಿರಿ. ಸಕ್ರೆಬೈಲಿಗೆ ಹೋಗಿ ಬರಲು ಬಸ್ ಓಡಿಸಿದ ಡ್ರೈವರ್ ಅಣ್ಣನಿಗೂ. ಆನೆಗಳು ತುಂಗೆಯಲ್ಲಿ ಮಲಗಿ ಮೈ ತಿಕ್ಕಿಸಿಕೊಳ್ಳುವುದನ್ನು ಬಿಟ್ಟು ಬರಲು ಒಪ್ಪದ ಮಕ್ಕಳನ್ನು ನಮಗಿಂತ ಚೆನ್ನಾಗಿ ಬಸ್ ಹತ್ತಿಸಿದಿರಿ. ಹೊಳೆಗೆ ಇಳಿಯಬಾರದು ಅನ್ನುವ ನಿಯಮವನ್ನು ನಮ್ಮ ಜೊತೆ ನಿಂತು ಕಾದಿರಿ. ದಡದಲ್ಲಿ ನೀರು ತಣ್ಣಗೆ ನಿಂತ ಹಾಗೆ ಕಾಣುತ್ತದೆ, ಎರಡು ಹೆಜ್ಜೆಗೆ ಆಳ. ಹೊಳೆಯ ಪಕ್ಕ ಬೆಳೆದವರಿಗೆ ಅದು ಗೊತ್ತು.

ಅಪ್ಪ ಅಮ್ಮಂದಿರೇ, ಮಕ್ಕಳನ್ನು ಬಿಟ್ಟು ಹೋಗುವಾಗ ಗೇಟಿನ ಹತ್ತಿರ ತಿರುಗಿ ನೋಡುತ್ತಿದ್ದಿರಿ. ನೋಡಿಯೂ ಹೊರಟಿರಿ. ನಿಮಗೆ ನಾನು ಯಾರೆಂದೇ ಗೊತ್ತಿರಲಿಲ್ಲ. ನನ್ನ ಅಮ್ಮ ಹೇಳುತ್ತಾರೆ, ತಾನಾಗಿದ್ದರೆ ಕಳಿಸುತ್ತಿರಲಿಲ್ಲವಂತೆ.

ಮಕ್ಕಳೇ, ನಿಮಗೆ ಇದನ್ನು ಯಾರಾದರೂ ಓದಿ ಹೇಳಬಹುದು. ನನ್ನ ಹಾಡಿನ ಶ್ರುತಿ ತಪ್ಪಿದಾಗ ನೀವೂ ತಪ್ಪಿಸಿ ಹಾಡಿದಿರಿ. ಸ್ಕಿಟ್‌ನಲ್ಲಿ ಬೈಬಲ್ ಕಥೆಯ ಒಳ್ಳೆಯ ಸಮಾರ್ಯದವನ, ಅಂದರೆ ಕಳ್ಳರು ಹೊಡೆದು ಬಿಟ್ಟ ದಾರಿಹೋಕನಿಗೆ ನೆರವಾದವನ ಪಾತ್ರಕ್ಕೆ ಯಾರೂ ಬರದೆ, ಕಳ್ಳರ ಪಾತ್ರಕ್ಕೆ ಹನ್ನೊಂದು ಜನ ಬಂದಿರಿ. ಮಾತೇ ಆಡದ ಒಬ್ಬಳು ಇದ್ದಳು. ಅವಳಿಗೆ ಕತ್ತೆಯ ಪಾತ್ರ ಸಿಕ್ಕಿತು. ಕೊನೆಯ ರಾತ್ರಿ ಕ್ಯಾಂಪ್‌ಫೈರ್‌ನಲ್ಲಿ ಕತ್ತೆ ಕೂಗಿದ ಕೂಗಿಗೆ ಸಿಕ್ಕಿದ ಚಪ್ಪಾಳೆ ಬೇರೆ ಯಾರಿಗೂ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಅವಳು ಬಂದು ನನ್ನ ಹತ್ತಿರ ಒಂದೇ ಒಂದು ಮಾತಾಡಿದಳು: ‘ಅಕ್ಕಾ, ಮುಂದಿನ ವರ್ಷ ಕಳ್ಳ ಮಾಡ್ತೀನಿ.’

ಮುಂದಿನ ವರ್ಷಕ್ಕೆ ಆನಿಮೇಟರ್‌ಗಳು ಬೇಕು. ಹದಿನೆಂಟು ತುಂಬಿರಬೇಕು. ಸಿಸ್ಟರ್ ಪಾಠಕ್ಕೆ ತಪ್ಪದೆ ಕೂರಬೇಕು. ಹಾಡು ಬರದಿದ್ದರೂ ನಡೆಯುತ್ತದೆ, ರಾತ್ರಿ ನಿದ್ದೆ ಜಾಸ್ತಿ ಬೇಕು ಅನ್ನುವವರು ಮಾತ್ರ ಯೋಚಿಸಿ. ಹೆಸರನ್ನು ಫಾದರ್ ಹತ್ತಿರ ಕೊಡಿ. ಆಟದ ಸಾಮಾನಿನ ಟ್ರಂಕಿನ ಬೀಗದ ಕೈ ಅಡುಗೆ ಆಂಟಿ ಹತ್ತಿರ ಇದೆ. ಲಗೋರಿಯ ಏಳು ಕಲ್ಲಲ್ಲಿ ಒಂದು ಕಾಣುತ್ತಿಲ್ಲ, ಹೊಸದು ಹುಡುಕಿಕೊಳ್ಳಿ.